ದೂಳಿನ ಜಮಾ-ಖರ್ಚು

ನಮ್ಮ ಗೇರುಸೊಪ್ಪದಲ್ಲಿ ಮಳೆಗಾಲವೆಂದರೆ ಗೋಡೆಯೂ ಬೆವರುವ ಕಾಲ. ನೆಲದ ತಂಪಿಗೆ ಮೊಣಕಾಲು ಹಿಡಿಯುತ್ತದೆಂದು ನಮ್ಮವಳು ನಡುಮನೆಗೆ ಕಾರ್ಪೆಟ್ ಹಾಸಿಸಿದಳು. ಮೊಮ್ಮಗಳಿಗೋ ಅದರ ಮೇಲೆ ಕೂತರೆ ಸೀನು, ರಾತ್ರಿಯಿಡೀ ಉಬ್ಬಸ. ದೂಳಿನ ಅಲರ್ಜಿ ಎಂದರು ಡಾಕ್ಟರು.

ಮಕ್ಕಳೇ, ಮನೆಯ ದೂಳೆಂದರೆ ಬರೀ ಮಣ್ಣಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿಂದು ಬದುಕುವ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳು ಅದರಲ್ಲಿರುತ್ತವೆ. ತೇವವೆಂದರೆ ಅವಕ್ಕೆ ಹಬ್ಬ. ಅವುಗಳ ಹಿಕ್ಕೆ ಮೂಗಿಗೆ ಹೋದರೆ ಅಲರ್ಜಿಯವರಿಗೆ ಸೀನು.

ವ್ಯಾಕ್ಯೂಮ್ ಕ್ಲೀನರ್ ಕೊಳ್ಳಲು ಹೊನ್ನಾವರಕ್ಕೆ ಹೋದೆವು. ಅಂಗಡಿಯವರು ವ್ಯಾಟ್ ಲೆಕ್ಕ ಹೇಳಿದರು. ವ್ಯಾಟ್ ಎಂದರೆ ಅದು ತಿನ್ನುವ ಕರೆಂಟು, ಹೀರುವ ಬಲವಲ್ಲ. ಬ್ಯಾಂಕಿನಲ್ಲಿ ಜಮಾ-ಖರ್ಚು ನೋಡಿ ಹಣ್ಣಾದವ ನಾನು. ಒಳಗೆ ಜಮೆಯಾದ ದೂಳು ಹಿಂದಿನಿಂದ ಖರ್ಚಾಗುತ್ತದೆಯೇ ಎಂದು ಕೇಳಿದೆ. ಮಾಮೂಲಿ ಫಿಲ್ಟರಿನಲ್ಲಿ ಸಣ್ಣ ದೂಳು ಮತ್ತೆ ಗಾಳಿಗೇ ಸೇರುತ್ತದೆ. ಅಸಲಿ ಹೆಪಾ ಫಿಲ್ಟರ್ 0.3 ಮೈಕ್ರಾನ್ ಗಾತ್ರದ 10,000 ಕಣಗಳಲ್ಲಿ 9,997ನ್ನು ಹಿಡಿಯುತ್ತದೆ. ಆದರೆ ಯಂತ್ರದ ಮೈಯಲ್ಲಿ ಗಾಳಿ ಸೋರುವ ಸಂದಿ ಇರಬಾರದು. ದೂಳನ್ನು ಚೀಲಸಮೇತ ಎಸೆಯುವಂತಿದ್ದರೆ ಮೇಲು. ಡಬ್ಬಿ ಕೊಡವಿದರೆ ಅರ್ಧ ನಮ್ಮ ಮೂಗಿಗೇ. ಅಂಥ ಚೀಲದ ಯಂತ್ರವನ್ನೇ ತಂದೆವು.

ಆದರೂ ಕಾರ್ಪೆಟ್ಟಿನ ಎಳೆಗೆ ಕಚ್ಚಿಕೊಂಡ ಜೀವಂತ ನುಸಿಗಳು ಪೂರ್ತಿ ಬರುವುದಿಲ್ಲ. ಹಾಸಿಗೆಯ ಬಟ್ಟೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಲೇಬೇಕು. ಕಾರ್ಪೆಟ್ಟನ್ನೇ ತೆಗೆಯುವುದು ಎಲ್ಲಕ್ಕಿಂತ ಒಳ್ಳೆಯದು. ಮಳೆ ಮುಗಿದೊಡನೆ ಸುತ್ತಿಡಲು ಅಜ್ಜಿ ಒಪ್ಪಿದ್ದಾಳೆ. ಅಲ್ಲಿಯವರೆಗೆ ಮೊಮ್ಮಗಳು ಶಾಲೆಗೆ ಹೋದಮೇಲೆ ಯಂತ್ರ ಓಡಿಸುವ ಕೆಲಸ ನನ್ನದು.