ಕೇರಿಯ ಕೂಸಿಗೆ ಔಷಧಿ ಹಿಡೀದಿದ್ರೆ ತಪ್ಪು ಯಾರದು?



ಬೀಳಗಿ ತಾಲ್ಲೂಕಿನ ಒಂದು ಕೇರಿಯಲ್ಲಿ ಸಭೆ ಮುಗಿಸಿ ಏಳುವಾಗ ತಾಯಿಯೊಬ್ಬಳು ಕೇಳಿದಳು: "ಅಣ್ಣಾ, ನಮ್ಮ ಕೂಸಿಗಿ ಮಿದುಳು ಜ್ವರ ಬಂದಿತ್ತು. ಜೀವ ಉಳೀತು, ಆದ್ರ ಈಗ ಕರದ್ರ ಹೊಳ್ಳಿ ನೋಡವಲ್ದು. ಸರ್ಕಾರದಿಂದ ಏನರ ಸಿಗತೈತೇನ್ರಿ?" ಎರಡು ವರ್ಷದ ಕೂಸು. ಕಿವಿ ಹೋಗಿದೆ. ಅಂಗವಿಕಲರ ಕಾರ್ಡಿಗೆ ಅರ್ಜಿ ಬರೆದುಕೊಟ್ಟೆ. ಆದರೆ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ.

ಜ್ವರ ಬಂದಾಗ ಔಷಧಿ ಅಂಗಡಿಯ ಬಿಡಿ ಗುಳಿಗೆ, ಮರುದಿನ ಒಂದು ಸೂಜಿ, ಮೂರನೇ ದಿನ ಫಿಟ್ಸ್, ಆಮೇಲೆ ದೊಡ್ಡಾಸ್ಪತ್ರೆ. ಅಲ್ಲಿ "ಮೊದಲಿನ ಔಷಧಿ ಹಿಡೀತಿಲ್ಲ, ಬೇರೆ ಹಾಕ್ತೀವಿ" ಅಂದರಂತೆ.

ಮಿದುಳಿನ ಪೊರೆಗೆ ತಗಲುವ ಈ ಸೋಂಕಿಗೆ ನ್ಯುಮೋಕಾಕಸ್ ಒಂದು ಮುಖ್ಯ ಕಾರಣ. 1977ರಲ್ಲೇ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಪೆನಿಸಿಲಿನ್‌ಗೆ ಬಗ್ಗದ ನ್ಯುಮೋಕಾಕಸ್ ಮಕ್ಕಳಲ್ಲಿ ಸಿಕ್ಕಿತ್ತು. ಆಗ ಅದು ವರ್ಣಭೇದದ ನಾಡು. ಬ್ಯಾಕ್ಟೀರಿಯಾಕ್ಕೆ ಜಾತಿ ಇಲ್ಲ, ಬಣ್ಣ ಇಲ್ಲ. ಆದರೆ ಆಸ್ಪತ್ರೆ ಎಷ್ಟು ದೂರ ಅನ್ನೋದಕ್ಕೆ ಇದೆ.

"ನಿಮ್ಮ ಮಂದಿಗೆ ತಿಳಿವಳಿಕೆ ಇಲ್ಲ" ಅನ್ನುವವರಿಗೆ ಒಂದು ಮಾತು. ದಿನದ ಕೂಲಿ ಬಿಟ್ಟು, ಬಸ್ಸಿನ ಖರ್ಚು ಮಾಡಿ ಜಿಲ್ಲಾಸ್ಪತ್ರೆಗೆ ಹೋಗೋದಕ್ಕಿಂತ ಎರಡು ಗುಳಿಗೆ ಅಗ್ಗ. ಇದು ಅಜ್ಞಾನ ಅಲ್ಲ, ಬಡವರ ಲೆಕ್ಕ. ಶೆಡ್ಯೂಲ್ ಎಚ್1 ನಿಯಮ 2014ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಆ ಪಟ್ಟಿಯ ಆ್ಯಂಟಿಬಯೋಟಿಕ್‌ಗಳನ್ನು ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಆ ರಿಜಿಸ್ಟರ್ ತೆರೆದು ನೋಡೋರು ಯಾರು?

ಇನ್ನೊಂದು ಭಯ: "ಬೆನ್ನಾಗಿನ ನೀರು ತಗದ್ರ ಕೂಸು ಕುಂಟ ಆಗತೈತಿ." ಇಲ್ಲ ಅವ್ವಾ. ಬೆನ್ನುಹುರಿ ಮುಗಿದ ಕೆಳಗಿನ ಜಾಗದಿಂದ ತೆಗೀತಾರೆ. ಯಾವ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಬಗ್ಗುತ್ತೆ ಅಂತ ಗೊತ್ತಾಗೋದು ಆ ನೀರಿನ ಕಲ್ಚರ್ ಪರೀಕ್ಷೆಯಿಂದ. ಮೊದಲೇ ಅರೆಬರೆ ಆ್ಯಂಟಿಬಯೋಟಿಕ್ ಕೊಟ್ಟಿದ್ದರೆ ಅದರಲ್ಲೂ ಬ್ಯಾಕ್ಟೀರಿಯಾ ಬೆಳೆಯದೇ ಹೋಗಬಹುದು.

ನ್ಯುಮೋಕಾಕಸ್ ಲಸಿಕೆ, ಪಿಸಿವಿ, 2021ರಿಂದ ದೇಶದೆಲ್ಲೆಡೆ ಸರ್ಕಾರಿ ಕಾರ್ಯಕ್ರಮದಲ್ಲಿ ಉಚಿತ. ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳು. ಖಾಸಗಿಯಲ್ಲಿ ಒಂದೊಂದು ಡೋಸಿಗೆ ಸಾವಿರಾರು ರೂಪಾಯಿ. ಮಂಗಳೂರು, ಗೋವಾಕ್ಕೆ ಗುಳೆ ಹೋದವರ ಮಕ್ಕಳಿಗೇ ಇದು ತಪ್ಪೋದು. ತಾಯಿ ಕಾರ್ಡ್ ಜೊತೆಗೆ ಒಯ್ಯಿರಿ, ಹೋದ ಊರಲ್ಲೇ ಹಾಕಿಸಿರಿ.

ಕೂಸು ಮೊಲೆ ಬಿಟ್ಟರೆ, ಎಚ್ಚರಿಲ್ಲದಂತೆ ಮಲಗಿದರೆ, ನೆತ್ತಿ ಉಬ್ಬಿದರೆ, ಫಿಟ್ಸ್ ಬಂದರೆ ಬೆಳಗಾಗಲಿ ಅನ್ನಬೇಡಿ, 108ಕ್ಕೆ ಫೋನ್ ಮಾಡಿ.

ನಮ್ಮ ಬೇಡಿಕೆ ಮೂರು: ತಾಲ್ಲೂಕಿನ ಮಕ್ಕಳಿಗೆ ಕಲ್ಚರ್ ಪರೀಕ್ಷೆ ಹತ್ತಿರದಲ್ಲೇ ಸಿಗಲಿ, ಎಚ್1 ರಿಜಿಸ್ಟರ್ ತಪಾಸಣೆ ಆಗಲಿ, ಮಿದುಳು ಜ್ವರದಿಂದ ಉಳಿದ ಪ್ರತಿ ಕೂಸಿನ ಕಿವಿ ಪರೀಕ್ಷೆ ಮಾಡಿಸಿಯೇ ಮನೆಗೆ ಕಳಿಸಲಿ. ಮನವಿ ಪತ್ರ ಸಿದ್ಧವಾಗ್ತಿದೆ. ನಿಮ್ಮ ಕೇರಿಯ ಸಹಿಗಳನ್ನೂ ತನ್ನಿ.

ಜೈಭೀಮ್.