ನಲವತ್ತೆರಡನೆಯ ಸೆಕೆಂಡು ಎಲ್ಲಿ ಹೋಯಿತು?

ಮಕ್ಕಳೇ, ನಲವತ್ತೊಂದರ ನಂತರ ಬರುವ ಸಂಖ್ಯೆ ಯಾವುದು? ಒಂದನೆಯ ತರಗತಿಯ ಪ್ರಶ್ನೆ ಎಂದು ನಗಬೇಡಿ. ಎರಡು ವರ್ಷಗಳ ಹಿಂದೆ ಮೇ ತಿಂಗಳ ಒಂದು ಮಧ್ಯಾಹ್ನ ನನ್ನ ಕಂಪ್ಯೂಟರಿನ ಪರದೆಯ ಮೇಲೆ ನಲವತ್ತೊಂದರ ನಂತರ ನಲವತ್ತನಾಲ್ಕು ಬಂತು. ಆಮೇಲೆ ನಲವತ್ತೈದು. ಅಲ್ಲಿಂದ ಒಂದೇ ನೆಗೆತಕ್ಕೆ ನಲವತ್ತೊಂಬತ್ತು! ಅವು ಒಂದು ಗಡಿಯಾರದ ಸೆಕೆಂಡುಗಳು. ನಡುವಿನ ಸೆಕೆಂಡುಗಳು ಎಲ್ಲಿ ಹೋದವು ಎಂದು ಹುಡುಕಲು ನನಗೆ ಒಂದು ವಾರ ಹಿಡಿಯಿತು. ಆ ಹುಡುಕಾಟದ ಕಥೆಯನ್ನೇ ಈಗ ನಿಮಗೆ ಹೇಳುತ್ತೇನೆ.

ಅದಕ್ಕೆ ಮೊದಲು ಆ ಗಡಿಯಾರ ಅಲ್ಲಿಗೆ ಬಂದದ್ದು ಹೇಗೆ ಎಂದು ತಿಳಿಯಬೇಕು. ನಮ್ಮ ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಎರಡು ಬಾರಿ ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ಬರುತ್ತಾನೆ. ಒಮ್ಮೆ ಏಪ್ರಿಲ್ 25ರ ಸುಮಾರಿಗೆ, ಇನ್ನೊಮ್ಮೆ ಆಗಸ್ಟ್ 17-18ರ ಸುಮಾರಿಗೆ. ಆ ದಿನ ಮಧ್ಯಾಹ್ನ ನೆಟ್ಟಗೆ ನಿಂತ ಕಂಬದ ನೆರಳು ಕಂಬದ ಬುಡದಲ್ಲೇ ಅಡಗಿಬಿಡುತ್ತದೆ. ಇದನ್ನು ಶೂನ್ಯ ನೆರಳಿನ ದಿನ ಎನ್ನುತ್ತಾರೆ. ಭೂಪಟ ತೆಗೆದು ನೋಡಿ. ಕಾಪು ಮತ್ತು ಕಾರ್ಕಳ ಹೆಚ್ಚು ಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಸುಮಾರು 13.2 ಡಿಗ್ರಿ ಉತ್ತರ. ಆದರೆ ಕಾರ್ಕಳ ಕಾಲು ಡಿಗ್ರಿಯಷ್ಟು ಪೂರ್ವಕ್ಕಿದೆ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಕಾಲು ಡಿಗ್ರಿಗೆ? ಒಂದು ನಿಮಿಷ. ಅಂದರೆ ಕಾರ್ಕಳದಲ್ಲಿ ನೆರಳು ಮಾಯವಾದ ಒಂದು ನಿಮಿಷದ ನಂತರ ಕಾಪುವಿನಲ್ಲಿ ಮಾಯವಾಗಬೇಕು!

ಇದನ್ನು ಮಕ್ಕಳಿಗೆ ಕಣ್ಣಾರೆ ತೋರಿಸಬೇಕೆಂದು ನನಗೆ ಆಸೆಯಾಯಿತು. ಪುಸ್ತಕದಲ್ಲಿ ಭೂಮಿ ತಿರುಗುತ್ತದೆ ಎಂದು ಓದುವುದು ಬೇರೆ, ನಮ್ಮದೇ ಎರಡು ಊರುಗಳ ನಡುವೆ ಅದು ತಿರುಗುವುದನ್ನು ನೋಡುವುದು ಬೇರೆ. 1432ರಲ್ಲಿ ನಿಲ್ಲಿಸಿದ ಗೊಮ್ಮಟನ ಊರಾದ ಕಾರ್ಕಳದಲ್ಲಿ, ಒಂದು ಶಾಲೆಯ ಅಂಗಳದಲ್ಲಿ ನನ್ನ ಗೆಳೆಯರಾದ ಶಿಕ್ಷಕರೊಬ್ಬರು ನಿಂತರು. 1901ರಲ್ಲಿ ಕಟ್ಟಿದ ದೀಪಸ್ತಂಭ ಇರುವ ಕಾಪುವಿನ ಕಡಲ ತೀರದಲ್ಲಿ ನಾನು ನಿಂತೆ. ಇಬ್ಬರ ಬಳಿಯೂ ಒಂದು ಮೀಟರ್ ಉದ್ದದ ಪಿವಿಸಿ ಪೈಪು, ಅದನ್ನು ನೆಟ್ಟಗೆ ನಿಲ್ಲಿಸಲು ಮೇಸ್ತ್ರಿಯಿಂದ ತಂದ ತೂಗುಗುಂಡು, ಪೈಪಿನ ಬುಡಕ್ಕೆ ಗ್ರಾಫ್ ಹಾಳೆ, ಹಾಳೆಯ ಪಕ್ಕದಲ್ಲಿ ಸೆಕೆಂಡು ತೋರಿಸುವ ಗಡಿಯಾರ. ಒಂದು ಮೀಟರ್ ಪೈಪಿನ ನೆರಳಿನ ತುದಿ ಆ ಹೊತ್ತಿನಲ್ಲಿ ನಿಮಿಷಕ್ಕೆ 4 ಮಿಲಿಮೀಟರಿಗಿಂತ ತುಸು ಹೆಚ್ಚು ಸರಿಯುತ್ತದೆ. ಗ್ರಾಫ್ ಹಾಳೆಯ ನಾಲ್ಕು ಸಣ್ಣ ಮನೆ, ಅಷ್ಟೇ. ಆದ್ದರಿಂದ ಚಿತ್ರ ಸ್ಪಷ್ಟವಾಗಿರಲೆಂದು ಇಬ್ಬರೂ ಫೋನನ್ನು ಎಚ್‌ಡಿಗೆ ಇಟ್ಟು, ಹನ್ನೆರಡೂ ಇಪ್ಪತ್ತಮೂರರಿಂದ ಹನ್ನೆರಡು ನಿಮಿಷ ಚಿತ್ರ ತೆಗೆದೆವು. ಬಿಸಿಲಿಗೆ ನನ್ನ ತಲೆ ಸುಟ್ಟುಹೋಯಿತೆಂದೇ ಹೇಳಬೇಕು. ಕೊಡೆ ಹಿಡಿಯೋಣವೆಂದರೆ ಕೊಡೆಯ ನೆರಳು ಬೀಳುತ್ತದಲ್ಲ!

ಉಡುಪಿಯ ನನ್ನ ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಒಂದಿದೆ. ಅದರಲ್ಲಿ ವಿಡಿಯೋ ಸಂಕಲನ ಮಾಡುವ ಉಚಿತ ತಂತ್ರಾಂಶ ಹಾಕಿಕೊಂಡಿದ್ದೆ. ಎಡಗಡೆ ಕಾಪು, ಬಲಗಡೆ ಕಾರ್ಕಳ, ಎರಡೂ ಒಂದೇ ಪರದೆಯಲ್ಲಿ ಒಟ್ಟಿಗೆ ಓಡಬೇಕು ಎಂಬುದು ನನ್ನ ಯೋಜನೆ. ಓಡಿಸಿದರೆ ಅದು ಓಡಲಿಲ್ಲ, ಕುಂಟಿತು. ಅಲೆ ಮೇಲೆದ್ದದ್ದು ಮೇಲೆಯೇ ನಿಂತು, ಮರುಕ್ಷಣ ದಡದಲ್ಲಿ ನೊರೆಯಾಗಿತ್ತು. ನೆರಳು ಸರಿಯಲಿಲ್ಲ, ಹಾರಿತು. ನನ್ನ ಜೊತೆ ಕಾಪುವಿಗೆ ಬಂದಿದ್ದ ಪಕ್ಕದ ಮನೆಯ ಹುಡುಗಿ, ಆಗಷ್ಟೇ ಏಳನೆಯ ತರಗತಿ ಮುಗಿಸಿದವಳು, ಪರದೆಯಲ್ಲಿದ್ದ ಗಡಿಯಾರ ನೋಡಿ ಕೇಳಿದಳು, "ಸರ್, ನಲವತ್ತೆರಡು ಎಲ್ಲಿ ಹೋಯ್ತು?"

ನನ್ನ ಎದೆ ಧಸಕ್ಕೆಂದಿತು. ನೆರಳು ಮಾಯವಾಗುವ ಸೆಕೆಂಡುಗಳೇ ದಾಖಲಾಗಿಲ್ಲದಿದ್ದರೆ ನಮ್ಮ ಲೆಕ್ಕವೆಲ್ಲ ನೀರಿಗೆ ಹೋದಂತೆ. ಮತ್ತೆ ತೆಗೆಯೋಣವೆಂದರೆ ಆಗಸ್ಟ್ ತನಕ ಕಾಯಬೇಕು. ಆಗಸ್ಟಿನಲ್ಲಿ ನಮ್ಮ ಕರಾವಳಿಯ ಆಕಾಶ ಹೇಗಿರುತ್ತದೆಂದು ನಿಮಗೇ ಗೊತ್ತು. ಅಂದು ಸಂಜೆ ಕಾರ್ಕಳದ ಗೆಳೆಯರಿಗೆ ಫೋನ್ ಮಾಡಿ, ವಿಡಿಯೋ ಹಾಳಾದ ಹಾಗೆ ಕಾಣುತ್ತದೆ ಎಂದೆ. ಅವರು ಬೇಸರದಿಂದ, "ಹೌದಾ? ನನ್ನ ಫೋನ್ ಬೇರೆ ಫುಲ್ ಆಗಿದೆ ಮಾರಾಯ್ರೆ. ಹಾಗಾದ್ರೆ ಡಿಲೀಟ್ ಮಾಡ್ಲಾ?" ಎಂದರು. ನಾನು ಹೂಂ ಎನ್ನುವವನಿದ್ದೆ. ನನ್ನಲ್ಲಿದ್ದುದು ಪೆನ್‌ಡ್ರೈವಿನಲ್ಲಿ ಬಂದ ಪ್ರತಿ. ಪ್ರತಿ ಮಾಡುವಾಗ ಕೆಟ್ಟಿದ್ದರೆ ಸರಿಯಾದ ಮೂಲ ಇರುವುದು ಆ ಫೋನಿನಲ್ಲಿ ಮಾತ್ರ. ಅದು ಹೊಳೆದದ್ದೇ, "ನಾಲ್ಕು ದಿನ ತಡೀರಿ" ಎಂದೆ.

ಈಗ ನೀವೇ ಯೋಚಿಸಿ. ನಲವತ್ತೆರಡನೆಯ ಸೆಕೆಂಡನ್ನು ಫೋನು ನೋಡಲೇ ಇಲ್ಲವೇ, ಅಥವಾ ಫೋನು ನೋಡಿದ್ದನ್ನು ಕಂಪ್ಯೂಟರು ತೋರಿಸುತ್ತಿಲ್ಲವೇ? ಇದನ್ನು ಪತ್ತೆ ಮಾಡುವುದು ಹೇಗೆ? ಉಪಾಯ ಹೇಳಿದವಳು ಆ ಹುಡುಗಿಯೇ. "ಒಂದೊಂದೇ ಹಾಕಿ ನೋಡುವ ಸರ್, ಸಿನಿಮಾ ನೋಡುವುದರಲ್ಲಿ." ಸಂಕಲನದ ತಂತ್ರಾಂಶ ಮುಚ್ಚಿ, ಸಿನಿಮಾ ನೋಡಲು ಬಳಸುವ ಸಾಮಾನ್ಯ ಪ್ಲೇಯರಿನಲ್ಲಿ ಕಾಪುವಿನ ವಿಡಿಯೋ ಒಂದನ್ನೇ ಹಾಕಿದೆವು. ನಲವತ್ತೊಂದು, ನಲವತ್ತೆರಡು, ನಲವತ್ತಮೂರು! ಕಾರ್ಕಳದ್ದೂ ಹಾಗೆಯೇ. ಎಲ್ಲ ಸೆಕೆಂಡುಗಳೂ ಅಲ್ಲೇ ಇದ್ದವು. ನನ್ನ ಜೀವ ಮರಳಿ ಬಂತು. ಗಡಿಯಾರವನ್ನು ಚಿತ್ರದಲ್ಲಿ ಇಟ್ಟದ್ದು ನೆರಳಿಗಾಗಿ, ಅದು ಕೆಲಸಕ್ಕೆ ಬಂದದ್ದು ಕಂಪ್ಯೂಟರಿನ ಕಾಯಿಲೆ ಹಿಡಿಯಲು!

ಆದರೆ ಒಂದರಲ್ಲಿ ಸರಾಗವಾಗಿ ಓಡುವ ವಿಡಿಯೋ ಇನ್ನೊಂದರಲ್ಲಿ ಏಕೆ ಕುಂಟುತ್ತದೆ? ಸ್ವಲ್ಪ ಲೆಕ್ಕ ಮಾಡೋಣ, ಪೆನ್ಸಿಲ್ ತೆಗೆದುಕೊಳ್ಳಿ. ವಿಡಿಯೋ ಎಂದರೆ ಚಲಿಸದ ಚಿತ್ರಗಳ ಸಾಲು. ನಮ್ಮ ಫೋನು ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ. ಒಂದು ಪೂರ್ಣ ಎಚ್‌ಡಿ ಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳು. ಗುಣಿಸಿದರೆ 20,73,600. ಪ್ರತಿ ಚುಕ್ಕಿಯ ಬಣ್ಣ ಬರೆದಿಡಲು ಕೆಂಪು, ಹಸಿರು, ನೀಲಿಗೆ ಒಂದೊಂದರಂತೆ 3 ಬೈಟ್ ಎನ್ನೋಣ. ಒಂದು ಚಿತ್ರಕ್ಕೆ 62 ಲಕ್ಷ ಬೈಟ್, ಅಂದರೆ 6.2 ಎಂಬಿ. ಒಂದು ಸೆಕೆಂಡಿಗೆ ಸುಮಾರು 187 ಎಂಬಿ! ಹೀಗೆ ಬರೆದಿಟ್ಟರೆ ನಮ್ಮ ಹನ್ನೆರಡು ನಿಮಿಷಕ್ಕೆ 130 ಜಿಬಿಗಿಂತ ಹೆಚ್ಚು ಜಾಗ ಬೇಕಿತ್ತು. ಆದರೆ ನನ್ನ ಕಾಪುವಿನ ಕಡತ ಇದ್ದದ್ದು ಬರೇ 1.4 ಜಿಬಿ. ಸೆಕೆಂಡಿಗೆ ಸುಮಾರು 2 ಎಂಬಿ. ಉಳಿದದ್ದು ಎಲ್ಲಿ?

ನಿಮ್ಮ ತರಗತಿಯ ಹಾಜರಿ ಪುಸ್ತಕವನ್ನು ನೆನೆಯಿರಿ. ಸೋಮವಾರ ಎಲ್ಲರ ಹಾಜರಿಯನ್ನೂ ಬರೆದು, ಮಂಗಳವಾರ "ನಿನ್ನೆಯಂತೆಯೇ, 7ನೆಯ ನಂಬರು ಮಾತ್ರ ಗೈರು" ಎಂದಷ್ಟೇ ಬರೆದರೆ ಎಷ್ಟು ಶಾಯಿ ಉಳಿಯುತ್ತದೆ! ಫೋನು ಮಾಡುವುದೂ ಇದನ್ನೇ. ಒಂದು ಚಿತ್ರವನ್ನು ಪೂರ್ತಿ ಬರೆಯುತ್ತದೆ. ಮುಂದಿನ ಚಿತ್ರಗಳಲ್ಲಿ ಬದಲಾದದ್ದನ್ನು ಮಾತ್ರ ಬರೆಯುತ್ತದೆ. ನಮ್ಮ ಫೋನಿನಲ್ಲಿ ಹೆಚ್ಚು ಕಡಿಮೆ ಸೆಕೆಂಡಿಗೊಮ್ಮೆ ಒಂದು ಪೂರ್ಣ ಚಿತ್ರ, ನಡುವಿನವೆಲ್ಲ ಬದಲಾವಣೆಯ ಟಿಪ್ಪಣಿ. 2003ರಲ್ಲಿ ರೂಪುಗೊಂಡ ಎಚ್.264 ಎಂಬ ಕಟ್ಟು ಹಾಕುವ ವಿಧಾನ ಹೀಗೆಯೇ ಕೆಲಸ ಮಾಡುತ್ತದೆ. ಈಗಲೂ ಬಹಳಷ್ಟು ಫೋನುಗಳು ಇದನ್ನು ಬಳಸುತ್ತವೆ. ಕಾರ್ಕಳದ ಕಡತ ಒಂದು ಜಿಬಿಯೂ ಇರಲಿಲ್ಲ, ನನ್ನದು ಅದಕ್ಕಿಂತ ದೊಡ್ಡದು. ಏಕೆಂದು ಊಹಿಸಬಲ್ಲಿರಾ? ಅಂಗಳ ಸುಮ್ಮನಿರುತ್ತದೆ. ನನ್ನ ಪೈಪಿನ ಹಿಂದೆ ಕಡಲಿತ್ತು, ಅಲೆಗಳು ಒಂದು ಕ್ಷಣವೂ ಸುಮ್ಮನಿರಲಿಲ್ಲ. ಬದಲಾವಣೆ ಹೆಚ್ಚಾದಷ್ಟೂ ಬರೆಯುವುದೂ ಹೆಚ್ಚು.

ಈ ಜಾಣತನಕ್ಕೆ ಒಂದು ಬೆಲೆ ಇದೆ. ಶುಕ್ರವಾರ ಯಾರು ಬಂದಿದ್ದರು ಎಂದು ತಿಳಿಯಬೇಕಾದರೆ ಶುಕ್ರವಾರದ ಪುಟ ಒಂದನ್ನೇ ನೋಡಿದರೆ ಸಾಲದು, ಸೋಮವಾರದಿಂದ ಓದಿಕೊಂಡು ಬರಬೇಕು. ಸಿನಿಮಾ ನೋಡುವ ಪ್ಲೇಯರಿಗೆ ಇದು ಕಷ್ಟವಲ್ಲ. ಅದು ಒಂದೇ ಪುಸ್ತಕವನ್ನು ಮೊದಲಿನಿಂದ ಕೊನೆಗೆ ಓದುತ್ತಾ ಹೋಗುತ್ತದೆ. ಸಂಕಲನದ ತಂತ್ರಾಂಶ ಹಾಗಲ್ಲ. ನಾನು ಎಲ್ಲಿ ಬೆರಳಿಟ್ಟರೆ ಅಲ್ಲಿಗೆ ಹಾರಬೇಕು. ಎರಡು ಪುಸ್ತಕಗಳನ್ನು ಒಟ್ಟಿಗೆ ಓದಬೇಕು, ಎರಡೂ ಚಿತ್ರಗಳನ್ನು ಕುಗ್ಗಿಸಿ ಅಕ್ಕಪಕ್ಕ ಜೋಡಿಸಬೇಕು, ಮೇಲೆ "ಕಾಪು", "ಕಾರ್ಕಳ" ಎಂದು ಹೆಸರು ಬರೆಯಬೇಕು. ಇಷ್ಟೆಲ್ಲ ಮಾಡಲು ಅದಕ್ಕಿರುವ ಸಮಯ ಒಂದು ಸೆಕೆಂಡಿನ ಮೂವತ್ತನೆಯ ಒಂದು ಭಾಗ. ಆಗದಿದ್ದರೆ? ಧ್ವನಿ ಹಿಂದೆ ಬೀಳಬಾರದೆಂದು ಆ ಚಿತ್ರವನ್ನು ಬಿಟ್ಟು ಮುಂದಕ್ಕೆ ಹಾರುತ್ತದೆ. ನಲವತ್ತೆರಡನೆಯ ಸೆಕೆಂಡು ಹೋದದ್ದು ಹೀಗೆ.

ಇಷ್ಟು ತಿಳಿದ ಮೇಲೆ ಸರಿಪಡಿಸುವುದು ಸುಲಭ ಎಂದುಕೊಂಡಿರಾ? ನಾನು ಮಾಡಿದ ಮೊದಲ ಕೆಲಸವೇ ದಂಡ. ಪೆನ್‌ಡ್ರೈವ್ ನಿಧಾನ ಇರಬೇಕೆಂದು ಕಡತಗಳನ್ನು ಕಂಪ್ಯೂಟರಿನ ಒಳಗೆ ಹಾಕಿ ನೋಡಿದೆ. ಏನೂ ಬದಲಾಗಲಿಲ್ಲ. ಸೆಕೆಂಡಿಗೆ 2 ಎಂಬಿಯಂತೆ ಎರಡು ಕಡತಕ್ಕೂ 4 ಎಂಬಿ ಸಾಕು, ಪೆನ್‌ಡ್ರೈವು ಅದಕ್ಕಿಂತ ವೇಗವಾಗಿ ಕೊಡುತ್ತಿತ್ತು. ಮೊದಲೇ ಲೆಕ್ಕ ಮಾಡಿದ್ದರೆ ಒಂದು ಸಂಜೆ ಉಳಿಯುತ್ತಿತ್ತು. ಆಮೇಲೆ ಕಂಪ್ಯೂಟರಿನ ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಕಿಟಕಿ ತೆರೆದೆ. ಪ್ರೊಸೆಸರ್ ನೂರಕ್ಕೆ ನೂರು! ಅಡಿಯಲ್ಲಿ ಕೈ ಇಟ್ಟರೆ ದೋಸೆ ಕಾವಲಿಯಂತೆ ಬಿಸಿ. ಪ್ರೊಸೆಸರ್ ತೀರಾ ಬಿಸಿಯಾದರೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ನಮ್ಮ ಊರಿನ ಮೇ ತಿಂಗಳಲ್ಲಿ ಅದರ ಪಾಡು ಕೇಳಬೇಕೇ? ಫ್ಯಾನಿನಲ್ಲಿ ತುಂಬಿದ್ದ ಧೂಳು ತೆಗೆಸಿ, ಬೆಳಗ್ಗೆ ಆರು ಗಂಟೆಗೆ ಕುಳಿತು ನೋಡಿದೆ. ಕುಂಟು ಸ್ವಲ್ಪ ಕಡಿಮೆಯಾಯಿತು, ಹೋಗಲಿಲ್ಲ. ಮುನ್ನೋಟದ ಚಿತ್ರವನ್ನು ಚಿಕ್ಕದು ಮಾಡಿದೆ. ಇನ್ನಷ್ಟು ಕಡಿಮೆಯಾಯಿತು. ಒಂದು ಬಾರಿಗೆ ಒಂದನ್ನೇ ಬದಲಿಸಿ, ಪ್ರತಿ ಸಲವೂ ಹತ್ತು ಸೆಕೆಂಡಿನಲ್ಲಿ ಎಷ್ಟು ಅಂಕಿ ತಪ್ಪಿದವೆಂದು ಹುಡುಗಿ ಬರೆದಿಟ್ಟುಕೊಂಡಳು. ಅವಳ ಪುಸ್ತಕ ಇಲ್ಲದಿದ್ದರೆ ಯಾವುದರಿಂದ ಎಷ್ಟು ಗುಣವಾಯಿತೆಂದು ನನಗೆ ನೆನಪೇ ಇರುತ್ತಿರಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿ. "ಪ್ರಾಕ್ಸಿ ಮಾಡಿ ಸರ್" ಎಂದ. ಕಾಲೇಜಿನಲ್ಲಿ ಒಬ್ಬ ಗೈರಾದರೆ ಇನ್ನೊಬ್ಬ ಅವನ ದನಿಯಲ್ಲಿ ಹಾಜರಿ ಕೂಗುವುದಕ್ಕೂ ಪ್ರಾಕ್ಸಿ ಎನ್ನುತ್ತಾರೆ. ಶಿಕ್ಷಕನಾದ ನನಗೆ ಆ ಪದ ಕೇಳಿದರೆ ಸಿಟ್ಟು ಬರುತ್ತದೆ! ಆದರೆ ಇಲ್ಲಿ ಅದು ಸಾಧು. ದೊಡ್ಡ ವಿಡಿಯೋದ ಬದಲಿಗೆ ನಿಲ್ಲುವ ಪುಟ್ಟ ಪ್ರತಿಗೆ ಪ್ರಾಕ್ಸಿ ಎಂದು ಹೆಸರು. ಕೆಡೆನ್‌ಲೈವ್, ಶಾಟ್‌ಕಟ್ ಮುಂತಾದ ಉಚಿತ ತಂತ್ರಾಂಶಗಳಲ್ಲೂ ಈ ಸೌಲಭ್ಯ ಇದೆ. ನಾನು 640 ಅಡ್ಡ, 360 ಉದ್ದದ ಪ್ರತಿ ಮಾಡಿಸಿದೆ. ಎಷ್ಟು ಚುಕ್ಕಿ ಎಂದು ಗುಣಿಸಿ ನೋಡಿ, ಮೂಲದ ಸರಿಯಾಗಿ ಒಂಬತ್ತನೆಯ ಒಂದು ಪಾಲು. ಜೊತೆಗೆ ಈ ಪ್ರತಿಯಲ್ಲಿ ಪ್ರತಿಯೊಂದು ಚಿತ್ರವನ್ನೂ ಪೂರ್ತಿ ಬರೆಯುವಂತೆ ಆರಿಸಿಕೊಂಡೆ. ಶುಕ್ರವಾರಕ್ಕಾಗಿ ಸೋಮವಾರದಿಂದ ಓದುವ ಕೆಲಸವೇ ಇಲ್ಲ. ಕತ್ತರಿಸುವುದು, ಜೋಡಿಸುವುದು ಎಲ್ಲ ಈ ಪುಟ್ಟ ಪ್ರತಿಯ ಮೇಲೆ. ಕೊನೆಯಲ್ಲಿ ವಿಡಿಯೋ ಹೊರತೆಗೆಯುವಾಗ ತಂತ್ರಾಂಶ ಮತ್ತೆ ಮೂಲ ಎಚ್‌ಡಿ ಕಡತವನ್ನೇ ಬಳಸುತ್ತದೆ. ಆಗ ಅವಸರವಿಲ್ಲ, ಒಂದು ಚಿತ್ರಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ತೆಗೆದುಕೊಳ್ಳಬಹುದು, ಯಾವುದನ್ನೂ ಬಿಡುವುದಿಲ್ಲ. ನನ್ನ ಲ್ಯಾಪ್‌ಟಾಪ್ ರಾತ್ರಿ ಊಟಕ್ಕೆ ಮೊದಲು ಶುರುಮಾಡಿ ನಾನು ಮಲಗಿದ ಮೇಲೆ ಮುಗಿಸಿತು. ನಡುವೆ ನಾನು ಮೂಲ ಕಡತವನ್ನು ಬೇರೆ ಕಡೆಗೆ ಸರಿಸಿಟ್ಟು ಅದು ಸಿಗದೆ ಪೇಚಾಡಿದ್ದೂ ಉಂಟು, ಅದು ನನ್ನದೇ ಮರೆವು.

ಜೂನ್‌ನಲ್ಲಿ ಶಾಲೆ ತೆರೆದಾಗ ಉಡುಪಿಯ ಒಂದು ಶಾಲೆಯಲ್ಲಿ ಅದನ್ನು ಗೋಡೆಯ ಮೇಲೆ ತೋರಿಸಿದೆವು. ಹೊರಗೆ ಮಳೆ ಸುರಿಯುತ್ತಿತ್ತು, ಗೋಡೆಯ ಮೇಲೆ ಉರಿಬಿಸಿಲು. ಗಡಿಯಾರ ಹನ್ನೆರಡೂ ಇಪ್ಪತ್ತೆಂಟರ ಹತ್ತಿರ ಬಂದಾಗ ಬಲಗಡೆ ಕಾರ್ಕಳದ ನೆರಳು ಪೈಪಿನ ಬುಡ ಸೇರಿತು. ಎಡಗಡೆ ಕಾಪುವಿನ ಪೈಪಿಗೆ ಪಶ್ಚಿಮದಲ್ಲಿ ಇನ್ನೂ ಒಂದು ಗೆರೆಯಷ್ಟು ನೆರಳಿತ್ತು. ಮಕ್ಕಳು ಉಸಿರು ಬಿಗಿಹಿಡಿದು ಸೆಕೆಂಡು ಎಣಿಸಿದರು. ಯಾವ ಸೆಕೆಂಡಿಗೆ ಕಾಪುವಿನ ನೆರಳು ಮಾಯವಾಯಿತು ಎಂಬುದರಲ್ಲಿ ಜಗಳವೇ ಆಯಿತು. ಸೂರ್ಯ ಒಂದು ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಆದ್ದರಿಂದ ನೆರಳಿನ ಅಂಚು ಮಸುಕಾಗಿರುತ್ತದೆ. ಒಬ್ಬ 45 ಸೆಕೆಂಡು ಎಂದ, ಇನ್ನೊಬ್ಬಳು 75 ಎಂದಳು. ಹೆಚ್ಚಿನವರ ಉತ್ತರ ಅವೆರಡರ ನಡುವೆ, 60ರ ಆಚೀಚೆ ಇತ್ತು. ಮಸುಕು ಸೂರ್ಯನದೇ ಹೊರತು ಕಂಪ್ಯೂಟರಿನದಲ್ಲ ಎಂದು ನಾನು ಧೈರ್ಯವಾಗಿ ಹೇಳಿದೆ. ಪಕ್ಕದ ಮನೆಯ ಹುಡುಗಿ ಮಾತ್ರ ಹಿಂದಿನ ಸಾಲಿನಲ್ಲಿ ಕುಳಿತು ಗಡಿಯಾರವನ್ನೇ ನೋಡುತ್ತಿದ್ದಳು. "ಎಲ್ಲ ಉಂಟು ಸರ್, ಒಂದೂ ತಪ್ಪಲಿಲ್ಲ" ಎಂದಳು.

ಅಂದು ರಾತ್ರಿ ಕಾರ್ಕಳದ ಗೆಳೆಯರ ಫೋನ್ ಬಂತು. "ಈಗಲಾದ್ರೂ ಡಿಲೀಟ್ ಮಾಡ್ಲಾ ಮಾರಾಯ್ರೆ? ಮಗಳ ಹುಟ್ಟಿದ ಹಬ್ಬದ ಫೋಟೋ ತೆಗೆಯಲಿಕ್ಕೆ ಜಾಗ ಇಲ್ಲ!" ಮೂಲ ಕಡತವನ್ನು ಎರಡು ಬೇರೆ ಬೇರೆ ಕಡೆ ಪ್ರತಿ ಮಾಡಿ, ಎರಡನ್ನೂ ತೆರೆದು ನಲವತ್ತೆರಡನೆಯ ಸೆಕೆಂಡು ಇದೆಯೇ ನೋಡಿ, ಆಮೇಲೆ ಮಾಡಿ ಎಂದೆ.