ಕಾಲಯಂತ್ರವೂ ಶ್ರೀನಿವಾಸಪುರದ ಬಸ್ಸೂ

ಮಾಲೂರಿನ ನಮ್ಮ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಒಂದು ವಿಚಿತ್ರವಾದ ಪೂಜೆ ನಡೆಯುತ್ತದೆ. ಮಗಳು ತನ್ನ ಲ್ಯಾಪ್‌ಟಾಪನ್ನು ತಂದು ಮೇಜಿನ ಮೇಲೆ ಪ್ರತಿಷ್ಠಾಪಿಸುತ್ತಾಳೆ. ನಾನು ಕನ್ನಡಕವನ್ನು ಒರೆಸಿಕೊಂಡು ಅದರೆದುರು ಕೂಡುತ್ತೇನೆ. ನನ್ನಾಕೆ ‘ಅಪ್ಪನಿಗೂ ಮಗಳಿಗೂ ಸಮನಾಗಿ ಹುಚ್ಚು ಹಿಡಿದಿದೆ’ ಎಂದು, ಎಲ್ಲರಿಗೂ ಕೇಳುವಂತೆ, ತನಗೆ ತಾನೇ ಹೇಳಿಕೊಂಡು ಅಡಿಗೆಮನೆಯ ದೀಪವನ್ನು ಆರಿಸುತ್ತಾಳೆ. ನಾವು ನೋಡುವುದು ಇಂಗ್ಲೆಂಡಿನ ಬಿ.ಬಿ.ಸಿ.ಯವರ ‘ಡಾಕ್ಟರ್ ಹೂ’ ಎಂಬ ಧಾರಾವಾಹಿಯನ್ನು. ಈ ಹೆಸರನ್ನು ಮೊದಲ ಸಲ ಕೇಳಿದಾಗ ನನ್ನ ತಾಯಿಯವರು, ‘ಯಾವ ಹೂವೋ? ಮಲ್ಲಿಗೆಯೋ ಕನಕಾಂಬರವೋ?’ ಎಂದರು. ಇಂಗ್ಲಿಷಿನಲ್ಲಿ ಅದಕ್ಕೆ ‘ಯಾರು’ ಎಂದರ್ಥವೆಂದು ತಿಳಿಸಿದೆ. ‘ಡಾಕ್ಟರು ಯಾರೆಂಬುದೇ ತಿಳಿಯದಿದ್ದರೆ ಜನ ಅವರಿಂದ ಔಷಧ ಹೇಗೆ ತೆಗೆದುಕೊಳ್ಳುತ್ತಾರೆ?’ ಎಂದು ಅವರು ಕೇಳಿದ ಪ್ರಶ್ನೆಗೆ ನಾನು ಇಂದಿಗೂ ಉತ್ತರ ಹೇಳಿಲ್ಲ.

ಹೆಸರಿಲ್ಲದ ಈ ಡಾಕ್ಟರು ನೀಲಿ ಬಣ್ಣದ ಒಂದು ಪೆಟ್ಟಿಗೆಯಲ್ಲಿ ಕುಳಿತು ಹಿಂದಿನ ಕಾಲಕ್ಕೂ ಮುಂದಿನ ಕಾಲಕ್ಕೂ ಸಂಚರಿಸುತ್ತಾನೆ. ಹೊರಗಿನಿಂದ ನೋಡಿದರೆ ಇಬ್ಬರು ನಿಲ್ಲುವಷ್ಟು ಪೆಟ್ಟಿಗೆ, ಒಳಹೊಕ್ಕರೆ ಅರಮನೆ. ಪಾಶ್ಚಾತ್ಯರು ಇದನ್ನು ಕಂಡು ಬೆರಗಾಗುತ್ತಾರಂತೆ. ನಮ್ಮ ಕಡೆಯ ಹಳೆಯ ತೊಟ್ಟಿಯ ಮನೆಗಳಲ್ಲಿ ತಲೆ ಬಗ್ಗಿಸಿ ಬಾಗಿಲು ದಾಟಿದವರಿಗೆ ಇದರಲ್ಲಿ ಅಷ್ಟೇನೂ ಆಶ್ಚರ್ಯವಿಲ್ಲ. 1963ರ ನವೆಂಬರ್ 23ರಂದು ಆರಂಭವಾದ ಕಥೆ ಇದು. ಮೊದಲ ನಾಯಕನಾಗಿದ್ದ ವಿಲಿಯಂ ಹಾರ್ಟ್‌ನೆಲ್ ಎಂಬ ವೃದ್ಧನಟನ ಆರೋಗ್ಯ ಕೆಟ್ಟಾಗ, 1966ರಲ್ಲಿ, ಕಥೆಯನ್ನು ನಿಲ್ಲಿಸುವ ಬದಲು ಡಾಕ್ಟರನಿಗೆ ದೇಹವನ್ನೇ ಬದಲಾಯಿಸಿ ಪ್ಯಾಟ್ರಿಕ್ ಟ್ರೌಟನ್ ಎಂಬಾತನನ್ನು ತಂದು ನಿಲ್ಲಿಸಿದರು. ಹಳೆಯ ಬಟ್ಟೆಯನ್ನು ಕಳಚಿ ಹೊಸದನ್ನು ಉಡುವ ಈ ತತ್ತ್ವವನ್ನು ನಮ್ಮವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಅಭಿಮಾನಿಯೆಂದ ಮಾತ್ರಕ್ಕೆ ಎಲ್ಲವನ್ನೂ ಹೊಗಳುವವನು ನಾನಲ್ಲ. ಡೇಲೆಕ್ ಎಂಬ ಶತ್ರುಗಳನ್ನು ಜಗತ್ತೆಲ್ಲ ಕೊಂಡಾಡುತ್ತದೆ; ನನಗಾದರೋ ಅವು ದವಸದ ವಾಡೆಗೆ ಗಾಲಿ ಕಟ್ಟಿ ಬಿಟ್ಟಂತೆ ಕಾಣುತ್ತವೆ. ಈ ಮಾತನ್ನು ಹೇಳಿದ ದಿನ ಮಗಳು ನನ್ನೊಡನೆ ಮಾತು ಬಿಟ್ಟಿದ್ದಳು. ಭವಿಷ್ಯಕ್ಕೆ ಹೋಗುವ ಕಂತುಗಳಲ್ಲಿ ಹೊಗೆ, ಬೆಂಕಿ, ಓಟ ಇವುಗಳೇ ಹೆಚ್ಚು. ಭೂತಕಾಲಕ್ಕೆ ಹೋಗುವ ಕಂತುಗಳಲ್ಲಿಯೇ ಈ ಧಾರಾವಾಹಿಯ ಜೀವವಿದೆಯೆಂಬುದು ನನ್ನ ಮತ. 2007ರ ‘ಬ್ಲಿಂಕ್’ ಎಂಬ ಕಂತಿನಲ್ಲಿ ಕಲ್ಲಿನ ಪ್ರತಿಮೆಗಳು, ನಾವು ಕಣ್ಣು ಮಿಟುಕಿಸಿದ ಕ್ಷಣದಲ್ಲಿ ಮುಟ್ಟಿ, ನಮ್ಮನ್ನು ಹಿಂದಿನ ಕಾಲಕ್ಕೆ ತಳ್ಳಿಬಿಡುತ್ತವೆ. ಅದನ್ನು ನೋಡಿದ ಮರುವಾರ ನಾವು ಕುರುಡುಮಲೆಗೆ ಹೋಗಿದ್ದೆವು. ಆ ಭವ್ಯವಾದ ಸಾಲಿಗ್ರಾಮಶಿಲೆಯ ಗಣಪತಿಯ ಎದುರು ಮಗಳು ಬಹಳ ಹೊತ್ತು ರೆಪ್ಪೆ ಮುಚ್ಚದೆ ನಿಂತಳು. ಅರ್ಚಕರು ಅದನ್ನು ಭಕ್ತಿಯೆಂದೇ ತಿಳಿದು ಎರಡು ಹೂ ಹೆಚ್ಚಾಗಿ ಕೊಟ್ಟರು.

ಇನ್ನೊಂದು ಸಂಗತಿ. ಅರುವತ್ತರ ದಶಕದ ತೊಂಬತ್ತಕ್ಕೂ ಹೆಚ್ಚು ಕಂತುಗಳು ಇಂದು ಉಳಿದಿಲ್ಲ. ಟೇಪುಗಳನ್ನು ಮತ್ತೆ ಬಳಸುವುದಕ್ಕೆಂದು ಬಿ.ಬಿ.ಸಿ.ಯವರೇ ಅಳಿಸಿಹಾಕಿದರು. ಕಾಲವನ್ನು ದಾಟುವ ಕಥೆಯೇ ಕಾಲದ ಬಾಯಿಗೆ ಬಿದ್ದಿತು!

ಈ ಬಗೆಯ ಕಥೆಗಳ ರುಚಿ ನನಗೆ ಹತ್ತಿದ್ದು ಇಂಗ್ಲೆಂಡಿನಿಂದಲ್ಲ. ಬಾಲ್ಯದಲ್ಲಿ ಮುಳಬಾಗಿಲಿನಲ್ಲಿ ಕೇಳಿದ ಒಂದು ಹರಿಕಥೆಯಲ್ಲಿ ಕಕುದ್ಮಿಯೆಂಬ ರಾಜನು ತನ್ನ ಮಗಳು ರೇವತಿಗೆ ವರನನ್ನು ಕೇಳಲು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಾನ ನಡೆಯುತ್ತಿದೆ. ಹಾಡು ಮುಗಿಯಲಿ ಎಂದು ತಂದೆಮಗಳಿಬ್ಬರೂ ಕಾಯುತ್ತಾರೆ. ಮುಗಿದ ಮೇಲೆ ಬ್ರಹ್ಮನು ನಕ್ಕು, ‘ನೀನು ಕಾದ ಈ ಹೊತ್ತಿನಲ್ಲಿ ಭೂಮಿಯಲ್ಲಿ ಇಪ್ಪತ್ತೇಳು ಚತುರ್ಯುಗಗಳು ಕಳೆದವು, ನೀನು ಮನಸ್ಸಿನಲ್ಲಿಟ್ಟುಕೊಂಡ ವರರಾರೂ ಈಗಿಲ್ಲ’ ಎನ್ನುತ್ತಾನೆ. ದಾಸರು ಅಲ್ಲಿ ಚಿಟಿಕೆಯನ್ನು ನಿಲ್ಲಿಸಿ ಸುಮ್ಮನಾಗಿಬಿಡುತ್ತಿದ್ದರು. ಇನ್ನು ನಮ್ಮ ಸೀಮೆಯಲ್ಲಿ ಕನ್ನಡದಷ್ಟೇ ತೆಲುಗೂ ಮನೆಮಾತು. 1991ರಲ್ಲಿ ಬಂದ ‘ಆದಿತ್ಯ 369’ ಚಿತ್ರದಲ್ಲಿ ಕಾಲಯಂತ್ರವೇರಿ ಕೃಷ್ಣದೇವರಾಯನ ಆಸ್ಥಾನಕ್ಕೆ ಹೋಗಿ ಬರದವರು ನನ್ನ ಓರಗೆಯವರಲ್ಲಿ ವಿರಳ.

ಆದರೆ ಅದಕ್ಕೂ ಎರಡು ವರ್ಷ ಮೊದಲು, 1989ರಲ್ಲಿ, ದೂರದರ್ಶನದಲ್ಲಿ ‘ಇಂದ್ರಧನುಷ್’ ಎಂಬ ಹಿಂದೀ ಧಾರಾವಾಹಿ ಬರುತ್ತಿತ್ತು. ನಿರ್ದೇಶಕರು ಆನಂದ್ ಮಹೇಂದ್ರೂ. ಮಕ್ಕಳೇ ಜೋಡಿಸಿದ ಒಂದು ಕಂಪ್ಯೂಟರು, ಅದರಿಂದ ಕಾಲಪ್ರಯಾಣ. ನಮ್ಮ ಗಿರೀಶ ಕಾರ್ನಾಡರೂ ಅದರಲ್ಲಿದ್ದರು. ಆಗ ನನಗೆ ಹನ್ನೊಂದು ವರ್ಷ, ನಾವಿದ್ದುದು ಶ್ರೀನಿವಾಸಪುರದಲ್ಲಿ. ಹಿಂದೀ ಒಂದಕ್ಷರ ಬಾರದಿದ್ದರೂ, ಕಾರ್ನಾಡರು ನಮ್ಮವರೆಂಬ ಸಲಿಗೆಯಿಂದ, ಎದುರುಮನೆಯವರ ಟೆಲಿವಿಷನ್ನಿನ ಮುಂದೆ ಚಾಪೆಯ ಮೊದಲ ಸಾಲಿನಲ್ಲಿ ಕೂಡುತ್ತಿದ್ದೆ.

ನಮ್ಮ ತಂದೆಯವರನ್ನು ನಾವು ಅಣ್ಣ ಎಂದು ಕರೆಯುತ್ತಿದ್ದೆವು. ಅವರು ಮಾವಿನ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಒಂದು ದಿನ ಅವರಿಗೆ ಎದೆಯಲ್ಲಿ ಏನೋ ಸಂಕಟ. ಕೋಲಾರಕ್ಕೆ ಹೋಗಿ ಡಾಕ್ಟರಿಗೆ ತೋರಿಸಿ ಬರುತ್ತೇನೆಂದು ಹೊರಟರು. ಅಮ್ಮ ಬಾಣಂತಿ, ಜೊತೆಗೆ ಹೋಗುವಂತಿರಲಿಲ್ಲ. ಹೇಗೂ ಹೋಗುತ್ತೇನಲ್ಲ ಎಂದು ಸೋದರತ್ತೆಗೆ ಕೊಡಲು ಒಂದು ಚೀಲ ಹುಣಸೆಹಣ್ಣನ್ನೂ ತೆಗೆದುಕೊಂಡರು. ಎದುರುಮನೆಯ ಬಾಗಿಲಿಗೆ ಬಂದು, ‘ಬಾರೋ ಮಗು, ಬಸ್‌ಸ್ಟ್ಯಾಂಡಿನವರೆಗೆ ಚೀಲಕ್ಕೊಂದು ಕೈ ಕೊಡು’ ಎಂದರು.

‘ಇನ್ನು ಹತ್ತೇ ನಿಮಿಷ ಅಣ್ಣ, ಮುಗಿದೇಹೋಯಿತು’ ಎಂದೆ, ಪರದೆಯಿಂದ ಕಣ್ಣು ತೆಗೆಯದೆ.

ಅವರು ಸ್ವಲ್ಪ ಹೊತ್ತು ನಿಂತಿದ್ದಿರಬೇಕು. ‘ಸರಿ, ನೋಡು’ ಎಂದದ್ದು ಮಾತ್ರ ಕೇಳಿಸಿತು. ಕಂತು ಮುಗಿದ ಮೇಲೆ ಓಡಿದೆ. ಬಸ್ಸು ಹೊರಟುಹೋಗಿತ್ತು.

ಕೋಲಾರದಲ್ಲಿ ಬಸ್ಸಿನಿಂದಿಳಿದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅಣ್ಣ ಕುಸಿದರಂತೆ. ಆಸ್ಪತ್ರೆಗೆ ಸಾಗಿಸುವ ಮೊದಲೇ ಎಲ್ಲವೂ ಮುಗಿದಿತ್ತು. ಚೀಲವನ್ನು ಯಾರೋ ಜೋಪಾನವಾಗಿ ಮನೆಗೆ ಮುಟ್ಟಿಸಿದರು. ಆ ಚೀಲ ಎಷ್ಟು ಭಾರವಾಗಿತ್ತೆಂಬುದು ನನಗೆ ತಿಳಿದದ್ದು ಆಗ. ಆ ದಿನದ ಕಂತಿನಲ್ಲಿ ಏನಾಯಿತೆಂದು ಎಷ್ಟು ಯೋಚಿಸಿದರೂ ನೆನಪಿಗೆ ಬರುವುದಿಲ್ಲ. ‘ಡಾಕ್ಟರ್ ಹೂ’ ಧಾರಾವಾಹಿಯೂ ಅದೇ 1989ರಲ್ಲಿ ನಿಂತುಹೋಗಿ, 2005ರಲ್ಲಿ ಮತ್ತೆ ಮೊದಲಾಯಿತೆಂದು ಬಹಳ ವರ್ಷಗಳ ಮೇಲೆ ತಿಳಿದುಬಂದಿತು.

ಆ 2005ರ ಮೇ 14ರಂದು ಪ್ರಸಾರವಾದ ‘ಫಾದರ್ಸ್ ಡೇ’ ಎಂಬ ಕಂತನ್ನು ಮಗಳು ನನಗೆ ಏನನ್ನೂ ಹೇಳದೆ ತೋರಿಸಿದಳು. ಅವಳಿಗೇನು ಗೊತ್ತು? ರೋಸ್ ಎಂಬ ಹುಡುಗಿಯ ತಂದೆ ಅವಳು ಕೂಸಾಗಿದ್ದಾಗ, 1987ರಲ್ಲಿ, ಕಾರಿಗೆ ಸಿಕ್ಕಿ ರಸ್ತೆಯಲ್ಲಿ ಒಬ್ಬನೇ ಪ್ರಾಣ ಬಿಟ್ಟಿದ್ದ. ‘ಅಪ್ಪ ಒಂಟಿಯಾಗಿ ಸಾಯಬಾರದು, ನಾನು ಹತ್ತಿರವಿರಬೇಕು’ ಎಂದು ಅವಳು ಡಾಕ್ಟರನನ್ನು ಬೇಡಿ ಆ ಗಳಿಗೆಗೆ ಹೋಗುತ್ತಾಳೆ. ಮೊದಲ ಸಲ ಅವಳಿಗೆ ಕಾಲೇ ಏಳುವುದಿಲ್ಲ. ಎರಡನೆಯ ಸಲ ಓಡಿಹೋಗಿ ತಂದೆಯನ್ನು ಬದಿಗೆ ತಳ್ಳಿ ಉಳಿಸಿಬಿಡುತ್ತಾಳೆ. ಅದರಿಂದ ಕಾಲದ ನೇಯ್ಗೆಯೇ ಹರಿದು ಜಗತ್ತು ನಾಶದ ಅಂಚಿಗೆ ಬರುತ್ತದೆ. ಕಾರಣವನ್ನು ಊಹಿಸಿದ ಆ ತಂದೆ, ಯಾರೂ ಹೇಳದೆಯೇ, ತಾನಾಗಿ ಹೋಗಿ ಅದೇ ಕಾರಿಗೆ ಎದುರಾಗುತ್ತಾನೆ. ಕೊನೆಗೆ ಬದಲಾಗುವುದು ಇಷ್ಟೇ: ಈ ಸಲ ಒಬ್ಬ ಹುಡುಗಿ ಅವನ ಕೈ ಹಿಡಿದು ಕುಳಿತಿರುತ್ತಾಳೆ.

ನಾನು ಎದ್ದು ಹಿತ್ತಿಲಿಗೆ ಹೋದೆ. ಮಗಳು ಹಿಂದೆಯೇ ಬಂದಳು. ಚೀಲದ ಕಥೆಯನ್ನು ಜೀವಮಾನದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅಂದು.

ವಿಮರ್ಶಕನಾಗಿ ಹೇಳುವುದಾದರೆ ಆ ಕಂತಿನಲ್ಲಿ ದೋಷಗಳಿವೆ. ರೆಕ್ಕೆಯ ರಾಕ್ಷಸರು ಬೇಕಿರಲಿಲ್ಲ. ಚರ್ಚಿನೊಳಗಿನ ಮಾತು ದೀರ್ಘವಾಯಿತು. 2018ರ ‘ಡೀಮನ್ಸ್ ಆಫ್ ದಿ ಪಂಜಾಬ್’ ಅದಕ್ಕಿಂತ ಹದವಾಗಿ ಬೆಂದ ಕೃತಿ. ಬರೆದವರು ವಿನಯ್ ಪಟೇಲ್. 1947ರ ದೇಶವಿಭಜನೆಯ ಗಡಿಯಲ್ಲಿ, ಮುಸಲ್ಮಾನ ಹುಡುಗಿಯೊಬ್ಬಳು ಹಿಂದೂ ಯುವಕನನ್ನು ಮದುವೆಯಾಗುತ್ತಾಳೆ; ಅವಳ ಮೊಮ್ಮಗಳು ಮುಂದಿನ ಕಾಲದಿಂದ ಬಂದು ಅದನ್ನು ನೋಡುತ್ತಾಳೆ. ಕೊಲೆಗಡುಕರೆಂದು ನಾವು ಹೆದರಿದ ಪರಲೋಕದವರು ನಿಜವಾಗಿ ಕೊಲ್ಲಲು ಬಂದವರಲ್ಲ. ಗಮನಿಸುವವರಿಲ್ಲದೆ ಸಾಯುವವರ ಬಳಿ ನಿಂತು, ಅವರ ಕೊನೆಗೆ ಸಾಕ್ಷಿಯಾಗುವುದೇ ಅವರ ವ್ರತ. ವರನು ಗುಂಡಿಗೆ ಬಲಿಯಾಗುತ್ತಾನೆ, ಡಾಕ್ಟರ್ ತಡೆಯುವಂತಿಲ್ಲ, ಅವರು ನಿಂತಿರುತ್ತಾರೆ.

ಅದನ್ನು ನೋಡಿದ ರಾತ್ರಿ ಅಮ್ಮನ ಹತ್ತಿರ ಹೋಗಿ ಕುಳಿತೆ. ‘ಅಂದು ಕೋಲಾರದಲ್ಲಿ ಅಣ್ಣನ ಹತ್ತಿರ ಯಾರಾದರೂ ಇದ್ದರೇನಮ್ಮ?’ ಎಂದು ಕೇಳಿದೆ. ಇಷ್ಟು ವರ್ಷ ಕೇಳುವ ಧೈರ್ಯವಾಗಿರಲಿಲ್ಲ.

‘ಇದ್ದಳಲ್ಲ, ಸೀಬೆಹಣ್ಣು ಮಾರುವವಳು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಹಾಕಿದಳಂತೆ. ಕಂಡಕ್ಟರು ಬಂದು ಹೇಳಿದ. ನಿನಗೆ ಗೊತ್ತಿರಲಿಲ್ಲವೆ?’ ಎಂದರು ಅಮ್ಮ. ಸ್ವಲ್ಪ ತಡೆದು, ‘ತೆಲುಗಿನವಳು’ ಎಂದು ಸೇರಿಸಿದರು.

ಮಗಳು ಒಮ್ಮೊಮ್ಮೆ, ‘ಆ ನೀಲಿ ಪೆಟ್ಟಿಗೆ ಸಿಕ್ಕಿದರೆ ಎಲ್ಲಿಗೆ ಹೋಗುತ್ತೀಯಪ್ಪ?’ ಎನ್ನುತ್ತಾಳೆ. ಅವಳಿಗೆ 1902ರ ಕೋಲಾರದ ಚಿನ್ನದ ಗಣಿಗೆ ಹೋಗಿ, ಶಿವನಸಮುದ್ರದಿಂದ ಬಂದ ವಿದ್ಯುತ್ತಿನಿಂದ ಮೊದಲ ದೀಪ ಹೊತ್ತುವುದನ್ನು ನೋಡುವ ಆಸೆ. ನಾನು ಏನನ್ನೂ ಹೇಳುವುದಿಲ್ಲ. ಅಲ್ಲಿಗೆ ಹೋದರೂ ಅಣ್ಣನನ್ನು ತಡೆಯುವುದಿಲ್ಲವೆಂದು ಈಗ ನಿಶ್ಚಯಿಸಿದ್ದೇನೆ. ಚೀಲವನ್ನು ಮಾತ್ರ ನಾನು ಹೊರುತ್ತೇನೆ.

ಮೊನ್ನೆ ಒಂದು ಕಂತಿನ ಕೊನೆಯ ಘಟ್ಟ. ಡಾಕ್ಟರನು ಸಾವಿನ ಬಾಯಲ್ಲಿದ್ದಾನೆ. ಒಳಗಿನಿಂದ ಅಮ್ಮ ಕೂಗಿದರು. ನಾನು ಏಳುವ ಮೊದಲೇ ಮಗಳು ಬೆರಳೊತ್ತಿ ಚಿತ್ರವನ್ನು ನಿಲ್ಲಿಸಿ, ‘ಬಂದೆ ಅಜ್ಜೀ’ ಎಂದು ಓಡಿದಳು. ನೀಲಿ ಪೆಟ್ಟಿಗೆ ಆಕಾಶದ ನಡುವೆ ಹಾಗೆಯೇ ನಿಂತಿತ್ತು. ಅಮ್ಮನಿಗೆ ಬೇಕಾಗಿದ್ದುದು ಒಂದು ಲೋಟ ಬಿಸಿನೀರು.